ಬೇರೆ ಗೋತ್ರಕ್ಕೆ ಹೋದವರು

ಬಸವೇಶ್ವರನಗರ, ಬೆಂಗಳೂರು
ಏಪ್ರಿಲ್ ೭, ೨೦೨೫

ಪ್ರೀತಿಯ ಪುಟ್ಟೀ,

ಕಲಬುರಗಿಯ ಬಿಸಿಲು ತಡೆದುಕೊಳ್ಳುತ್ತಿದ್ದೀಯಾ? ಬ್ಯಾಂಕಿನ ಎ.ಸಿ. ನಂಬಿಕೊಂಡು ಮಜ್ಜಿಗೆ ಮರೆಯಬೇಡ. ನಾನು ಆರಾಮ. ಲಿಥಿಯಂ ಮಾತ್ರೆ ತಪ್ಪಿಸುತ್ತಿಲ್ಲ, ನಿದ್ದೆಯೂ ಚೆನ್ನಾಗಿದೆ. ಈಗ ಬರೆಯುವುದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನೀನು ಅಳುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಕಾಗದ.

ನನ್ನ ಬೈಪೋಲಾರ್ ಕಾಯಿಲೆ ವಂಶದಲ್ಲಿ ಹೇಗೆ ಇಳಿದುಬರುತ್ತದೆಂದು ಹುಡುಕುವ ಸಂಶೋಧಕರು ಹೋದ ವಾರ ಮನೆಗೇ ಬಂದು ನನ್ನ ರಕ್ತವನ್ನೂ ನಿನ್ನ ಚಕ್ರಪಾಣಿ ಮಾವನ ರಕ್ತವನ್ನೂ ತೆಗೆದುಕೊಂಡು ಹೋದರು. ಕಾಯಿಲೆ ಇಲ್ಲದ ಒಡಹುಟ್ಟಿದವರದೂ ಬೇಕಂತೆ. ಮೊದಲು ವಂಶವೃಕ್ಷ ಹೇಳಿ ಎಂದರು. ಕೇಳಬೇಕೇ, ನಮ್ಮಣ್ಣ ಶ್ರಾದ್ಧಕ್ಕೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಅಪ್ಪ, ತಾತ, ಮುತ್ತಾತ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಬರೆದುಕೊಳ್ಳುತ್ತಿದ್ದ ಹುಡುಗಿ, "ನಿಮ್ ತಾತನಿಗೆ ಅಕ್ಕತಂಗೀರು ಇರ್ಲಿಲ್ವಾ ಸಾರ್?" ಎಂದಳು. "ಇದ್ರಮ್ಮ. ಮದ್ವೆ ಆಗಿ ಬೇರೆ ಗೋತ್ರಕ್ಕೆ ಹೋದ್ರಲ್ಲ, ಅವರ್ನೂ ಬರೀಬೇಕಾ?" ಅಂದ ಇವನು. ಅವಳು ನಗು ತಡೆದುಕೊಂಡು, "ಬರೀಲೇಬೇಕು ಸಾರ್" ಎಂದಳು. ಆಗ ಅವನ ಬಾಯಿಂದ ಹೊರಬಂದರು ನಮ್ಮ ತಾತನ ತಂಗಿ ಅನಂತಲಕ್ಷ್ಮಿ. ನವರಾತ್ರಿಗೆ ತವರಿಗೆ ಬಂದವರು ನಿದ್ದೆಯೇ ಮಾಡದೆ ಗೊಂಬೆ ಕೂರಿಸಿ, ಊರವರನ್ನೆಲ್ಲ ಕರೆದು ಹಾಡಿ, ಆಮೇಲೆ ತಿಂಗಳುಗಟ್ಟಲೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರಂತೆ. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಹೆದರಬೇಕಿತ್ತೇನೋ, ನನಗೆ ಸಮಾಧಾನವಾಯಿತು. ಇಷ್ಟು ವರ್ಷ ನಮ್ಮ ಮನೆತನದಲ್ಲಿ ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ.

ಈಗ ನಿನ್ನ ವಿಷಯ. ಈ ಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ಮಧ್ವೇಶನನ್ನು ಮದುವೆಯಾಗುವುದೋ ಬೇಡವೋ ಹೇಳುತ್ತೇನೆ ಎಂದು ಕೂತಿದ್ದೀಯಲ್ಲ, ಅದಕ್ಕೇ ಫಲಿತಾಂಶ ಯಾವಾಗ ಎಂದು ಆ ಹುಡುಗಿಯನ್ನೇ ಕೇಳಿದೆ. ಒಬ್ಬೊಬ್ಬರಿಗೆ ಹಾಗೆ ಫಲಿತಾಂಶ ಕೊಡುವುದಿಲ್ಲವಂತೆ. ಕಾರಣ ಒಂದೇ ಜೀನ್ ಅಲ್ಲ, ಸಣ್ಣಸಣ್ಣವು ನೂರಾರು ಸೇರಬೇಕು, ಜೊತೆಗೆ ಬದುಕಿನ ಏಟುಗಳೂ. ತಾಯಿಗಿದ್ದರೆ ಮಕ್ಕಳಿಗೆ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು, ನಿಜ. ಆದರೂ ಬಾರದೆ ಇರುವವರೇ ಜಾಸ್ತಿ. ನಿನಗೆ ಬರುತ್ತದೆಯೇ, ನಿನ್ನ ಮಗುವಿಗೆ ಬರುತ್ತದೆಯೇ ಎಂದು ನನ್ನ ರಕ್ತ ನೋಡಿ ಯಾರೂ ಹೇಳಲಾರರು. ನಿನ್ನ ಬಾಳು ಆ ಉತ್ತರಕ್ಕಾಗಿ ಕಾಯುವುದನ್ನು ನೋಡಲು ನನ್ನಿಂದ ಆಗುವುದಿಲ್ಲ ಕಣೇ.

ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ವತ್ಸಲಾ

ಬರೆಯಲೋ ಬೇಡವೋ ಎನ್ನುತ್ತಲೇ ಇದೊಂದು ಮಾತು: ನಿನ್ನೆ ಮಧ್ವೇಶ್ ಬಂದಿದ್ದ. ನನ್ನ ಕಾಯಿಲೆಯ ವಿಷಯ ಅವನಿಗೆ ನೀನೇ ಹೇಳಿ, ಬೇಡವೆನ್ನುವುದಾದರೆ ಈಗಲೇ ಅನ್ನು ಎಂದೆಯಂತೆ. ಸಂಶೋಧನೆ ಏನಾಯಿತೆಂದು ಅವನು ಕೇಳಲೇ ಇಲ್ಲ. "ಆಂಟಿ, ನಿಮಗೆ ಹುಷಾರು ತಪ್ಪಿದಾಗ ಜೊತೇಲಿರೋರು ಏನ್ ಮಾಡಿದ್ರೆ ಹಿತ ಅನ್ಸುತ್ತೆ?" ಎಂದ. ಇದನ್ನು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ನಿನ್ನಪ್ಪನೂ ಕೇಳಿರಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಅವನು ಕೂತೇ ಇದ್ದ.