ಸ್ವಂತ ಮಾತಿನಲ್ಲಿ ಬರೆಯಿರಿ

ಗುರುವಾರ, ಮಧ್ಯಾಹ್ನ
ಕಾಲೇಜಿನ ಸ್ಟಾಫ್ ರೂಮು

ಪ್ರೀತಿಯ ತಂಗಿಗೆ,

ಕೈಯಲ್ಲಿ ಫೋನಿದ್ದೂ ಅಕ್ಕ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಅಳುತ್ತೀ, ಉಳಿದರ್ಧ ನನ್ನ ಗಂಟಲಲ್ಲೇ ಉಳಿಯುತ್ತದೆ. ನಿಮ್ಮ ಕಡೆ ಹೊರಟಿರುವ ನಮ್ಮ ಲೈಬ್ರೇರಿಯನ್ ಇದನ್ನು ಇವತ್ತೇ ನಿನಗೆ ತಲುಪಿಸುತ್ತಾರೆ. ಚಿನ್ನಿ ಕ್ಷೇಮ. ನನ್ನ ಪಕ್ಕದಲ್ಲೇ ಕೂತಿದ್ದಾಳೆ.

ಶಾಲೆ ಮುಗಿಸಿದ ಮಕ್ಕಳಿಗೆ ಡಿಗ್ರಿ ಶುರುವಾಗುವ ಮುಂಚೆ ನಾನು ನಡೆಸುವ ತಯಾರಿ ತರಗತಿ ನಿನಗೆ ಗೊತ್ತಲ್ಲ. ಓದಿದ್ದನ್ನು ಪ್ರಶ್ನಿಸುವುದು, ಸ್ವಂತ ಮಾತಿನಲ್ಲಿ ಬರೆಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಇಷ್ಟೇ ಪಾಠ. ಶಾಲೆಗೇ ಮೊದಲು ಬಂದ ನಿನ್ನ ಮಗಳಿಗೆ ಇದು ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಮೊದಲ ದಿನ ಅಣೆಕಟ್ಟಿನ ಬಗ್ಗೆ ಒಂದು ಪುಟ ಓದಲು ಕೊಟ್ಟು, ವಾಪಸು ತೆಗೆದುಕೊಂಡು, ಇದನ್ನು ನೀವು ಒಪ್ಪುತ್ತೀರಾ, ಯಾಕೆ, ಎಂದು ಕೇಳಿದೆ. ಉಳಿದವರು ಏನೇನೋ ಗೀಚಿದರು. ಚಿನ್ನಿ ಇಡೀ ಪುಟವನ್ನೇ ಅಲ್ಪವಿರಾಮವೂ ಬಿಡದೆ ಬರೆದುಕೊಟ್ಟಳು. ಇದರಲ್ಲಿ ನೀನೆಲ್ಲಿದ್ದೀಯೇ ಎಂದೆ. "ಏನಾದ್ರೂ ಬಿಟ್ಟೋಗಿದ್ಯಾ ದೊಡ್ಡಮ್ಮ?" ಎಂದು ಕೇಳಿದಳು. ಅಂದು ಊಟದ ತಟ್ಟೆ ಮುಂದೆ ಸುಮ್ಮನೆ ಕೂತೆದ್ದಳು.

ಆಮೇಲೆ ನಮ್ಮ ಮನೆಯಲ್ಲಿ ಬಚ್ಚಲ ಬಾಗಿಲ ಹಿಂದೆ ನನ್ನದೇ ಪಾಠ ಕೇಳಿಸತೊಡಗಿತು. ನಾನು ತಡವರಿಸಿದ್ದ ಕಡೆ ಅವಳೂ ತಡವರಿಸುತ್ತಿದ್ದಳು, ಕೆಮ್ಮಿದ್ದ ಕಡೆ ಕೆಮ್ಮುತ್ತಿದ್ದಳು. ಮೊದಲು ನಗು ಬಂತು. ಬರಬರುತ್ತಾ ಆ ಬಾಗಿಲ ಮುಂದೆ ಹಾಯುವುದಕ್ಕೇ ಭಯವಾಗುತ್ತಿತ್ತು. ನೀನು ಫೋನು ಮಾಡಿ ಎಷ್ಟನೇ ಸ್ಥಾನ ಎಂದು ಕೇಳಿದಾಗಲೆಲ್ಲ "ಎಲ್ಲಾ ಚೆನ್ನಾಗಿದೆ ಅಮ್ಮ" ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದಳು. ಇಲ್ಲಿ ಸ್ಥಾನವೇ ಇಲ್ಲ ಕಣೇ. ಅದನ್ನು ನಿನಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.

ನಿನ್ನೆ ತರಗತಿಯಲ್ಲಿ, ನಿನಗೇನನ್ನಿಸುತ್ತೆ ಹೇಳು, ತಪ್ಪಾದರೂ ಪರವಾಗಿಲ್ಲ ಎಂದು ಅವಳನ್ನು ಎಬ್ಬಿಸಿದೆ. ಹಿಂದಿನ ದಿನದ ನನ್ನ ಪಾಠವನ್ನೇ ಒಪ್ಪಿಸಲು ಶುರುಮಾಡಿದಳು. ನಡುವೆ ಅಟೆಂಡರಿಗೆ ನಾನು "ಆ ಬಾಗಿಲು ಹಾಕಪ್ಪ" ಎಂದಿದ್ದೆ, ಅದನ್ನೂ ಹೇಳಿದಳು. ತರಗತಿ ಗೊಳ್ಳೆಂದಿತು. ಯಾರೋ "ಜೆರಾಕ್ಸ್!" ಎಂದು ಕೂಗಿದರು. ಅವಳು ನಗಲಿಲ್ಲ, ಅಳಲೂ ಇಲ್ಲ. ಪೂರ್ತಿ ಒಪ್ಪಿಸಿ, ಪುಸ್ತಕ ಜೋಡಿಸಿಟ್ಟು ಹೊರಗೆ ಹೋದಳು. ನೀರು ಕುಡಿಯಲು ಹೋದಳೇನೋ ಎಂದು ನಾನು ಪಾಠ ಮುಂದುವರಿಸಿದೆ.

ಗಂಟೆ ಹೊಡೆದರೂ ಬರಲಿಲ್ಲ. ಲೈಬ್ರರಿ, ಕ್ಯಾಂಟೀನು, ಹುಡುಗಿಯರ ಕೋಣೆ, ಎಲ್ಲೂ ಇಲ್ಲ. ಕೊನೆಗೆ ತಾರಸಿಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಕಂಡಿತು, ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ. ಕಾದ ನೆಲದ ಮೇಲೆ ಬರಿಗಾಲಲ್ಲಿ, ಮೋಟುಗೋಡೆಯ ಹತ್ತಿರ ನಿಂತಿದ್ದಳು. ಗಾಳಿಗೆ ಹೋಗಿದ್ದಳು, ಅಷ್ಟೇ. ನಾನು ರಟ್ಟೆ ಹಿಡಿದೆಳೆದ ರಭಸಕ್ಕೆ ನನ್ನ ಬೆರಳ ಗುರುತು ಇವತ್ತೂ ಅಲ್ಲಿದೆ. ಅವಳು ತಿರುಗಿ, "ದೊಡ್ಡಮ್ಮ, ನಾಳೆಗೆ ಏನು ಓದ್ಕೊಂಡು ಬರ್ಬೇಕು?" ಎಂದಳು.

ಏನೂ ಬೇಡ ಎಂದೆ. ಆಗ ಅವಳ ಮುಖ ಖಾಲಿಯಾದ ಬಗೆಯನ್ನು ನಿನಗೆ ಹೇಗೆ ಬರೆಯಲಿ?

ಚಿನ್ನಿಗೆ ಹುಷಾರಿಲ್ಲವೆಂದು ಪ್ರಿನ್ಸಿಪಾಲರಿಗೆ ಹೇಳಿದ್ದೇನೆ. ನಾಲ್ಕು ದಿನ ಅವಳಿಗೆ ಫೋನು ಮಾಡಬೇಡ. ಮಾಡಿದರೂ ಊಟವಾಯಿತಾ ಎಂದಷ್ಟೇ ಕೇಳು. ಇಂಥದ್ದೆಲ್ಲ ಈ ವಯಸ್ಸಿನ ದಣಿವು. ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತಾಳೆ. ನೀನು ಕೆಲಸ ಬಿಟ್ಟು ಓಡಿಬರುವಂಥದ್ದೇನೂ ಇಲ್ಲ.

ಇಂತಿ, ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ಚಿನ್ನಿ ಕೈಚಾಚಿ ಕಾಗದ ಇಸಿದುಕೊಂಡು ಓದಿದಳು. ಆಮೇಲೆ, "ಗಾಳಿಗಲ್ಲ ದೊಡ್ಡಮ್ಮ. ಅಮ್ಮಂಗೆ ನಿಜ ಬರೀರಿ. ನಂಗೆ ಭಯ ಆಗ್ತಿದೆ" ಎಂದಳು. ಅವಳ ಕೈ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಈಗಲೇ ಹೊರಟೆವು. ನಾನು ಮೇಲೆ ಬರೆದದ್ದನ್ನು ನಂಬಬೇಡ. ಸಿಕ್ಕ ಬಸ್ಸು ಹತ್ತಿ ಬಾ.