ತೊಟ್ಟಿಗೆ ಬಿಡಲು ಎರಡು ಮೀನು

ಪಡುಬಿದ್ರಿ, ಮಂಗಳವಾರ

ಮಗಳೇ ಶೈಲಶ್ರೀ,

ಜ್ವರ ಪೂರಾ ಬಿಟ್ಟಿತೇ? ಮಾತ್ರೆ ನಿಲ್ಲಿಸಬೇಡ. ನಮ್ಮ ನೀರಿನ ತೊಟ್ಟಿಯ ಸೊಳ್ಳೆಮರಿ ತಿನ್ನಲೆಂದು ಇಲ್ಲಿ ಎರಡು ಗಪ್ಪಿ ಮೀನು ಕೊಂಡಿದ್ದೇನೆ. ಕೆಲಸದ ಸೈಟಿನಲ್ಲಿ ರಜೆ ಸಿಕ್ಕಿ ಊರಿಗೆ ಬರುವವರೆಗೆ ಅವು ನನ್ನ ಕೋಣೆಯಲ್ಲಿ, ಅಗಲ ಬಾಯಿಯ ಬಾಟಲಿಯಲ್ಲಿವೆ. ಮನೆ ಒಡತಿ ವಸಂತಿಯಕ್ಕ ನೋಡಿ, “ಎಂತ ಮಾರಾಯ್ರೆ, ಇದು ಒಂದು ಹೊತ್ತಿನ ಸಾರಿಗೂ ಸಾಲುವುದಿಲ್ಲ ಅಲ್ವಾ?” ಎಂದರು. “ಮಗಳಿಗೆ ಒಯ್ಯಲು” ಎಂದೆ. ಅಂದಿನಿಂದ ಬಾವಿಯ ನೀರು ಅವರೇ ತಂದಿಡುತ್ತಾರೆ.

ಪ್ರಯಾಣದ ಕುಲುಕಾಟ ರೂಢಿಯಾಗಲೆಂದು ದಿನಾ ಸಂಜೆ ಬಾಟಲಿ ಹಿಡಿದು ಹೆದ್ದಾರಿಯವರೆಗೆ ನಡೆಯುತ್ತೇನೆ. ನಮ್ಮೂರು ವಿಜಯಪುರದ ಬಸ್ಸು ಬಂದರೆ ಬಾಟಲಿಯನ್ನು ಎತ್ತಿ ಹಿಡಿಯುತ್ತೇನೆ. ಅದು ಮರೆಯಾಗುವ ತನಕ ಮೂವರೂ ನೋಡುತ್ತೇವೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನಪ್ಪ,
ಪರಮಾನಂದ