ಅಮೀನರಿಗೆ ತೋರಿಸದ ಬಾವಿ

ಪಾಮನಕಲ್ಲೂರು
ಫಸಲಿ ೧೩೫೪, ಖುರ್ದಾದ್ ತಿಂಗಳು, ಜುಮ್ಮಾ ದಿನ

ಪ್ರೀತಿಯ ಮಗಾ ಹುಸೇನಬಾಷಾ,

ನಿನ್ನ ಅಪ್ಪನ ದುವಾ. ಕೆಮ್ಮು ಹೇಗಿದೆ? ಹತ್ತಿ ಗಿರಣಿಯ ಧೂಳು ಎದೆಗೆ ಇಳಿಯದಂತೆ ಬಾಯಿಗೆ ವಸ್ತ್ರ ಕಟ್ಟಿಕೋ ಎಂದು ಎಷ್ಟು ಸಲ ಹೇಳಿದರೂ ನೀನು ಕಟ್ಟಿಕೊಳ್ಳುವವನಲ್ಲ. ನಿನ್ನ ಮೀಸೆ ರಾಯಚೂರಿನವರಿಗೆಲ್ಲ ಕಾಣಬೇಕಲ್ಲ! ಮಲಗುವಾಗ ಬಿಸಿ ಹಾಲಿಗೆ ಅರಿಷಿಣ ಹಾಕಿಕೊಂಡು ಕುಡಿ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ. ಕೆಂದಾಕಳು ಹೆಣ್ಣುಗರು ಹಾಕಿದೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ. ಕಂಬಕ್ಕೆ ಒರಗಿ ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಬರೆದಾದ ಮೇಲೆ ಪೂರ್ತಿ ಓದಿ ಹೇಳಬೇಕಂತೆ. ಅದನ್ನೂ ಪಕ್ಕದ ಹೊಲದ ಗ್ಯಾನಪ್ಪನ ಹೆಂಡತಿ ಪಕೀರಮ್ಮನ ಬಾಯಿಂದ ಹೇಳಿಸಿದಳು. ನಿನ್ನ ದಾದಿ, ನನ್ನ ಹೆತ್ತವ್ವ, ಹೋದಂದಿನಿಂದ ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿದು ತಟ್ಟೆ ಮುಂದಿಡುತ್ತಾಳೆ, ಎದ್ದು ಹೋಗುತ್ತಾಳೆ.

ಹತ್ತಿ ಬಂಡಿ ಹೊಡೆದುಕೊಂಡು ರಾಯಚೂರಿಗೆ ಬಂದ ಅಲ್ಲಾಭಕ್ಷನ ಕೈಯಲ್ಲಿ ದಾದಿ ಹೋದ ಸುದ್ದಿಯನ್ನಷ್ಟೇ ಕಳಿಸಿದ್ದೆ. ಹೇಗೆ ಹೋದಳು ಎನ್ನುವುದನ್ನು ಹೇಳಬೇಡ ಎಂದು ಅವನ ಕೈ ಹಿಡಿದು ಕೇಳಿಕೊಂಡಿದ್ದೆ. ನೀನು ಗಿರಣಿಯ ಬಾಗಿಲಲ್ಲೇ ಕುಕ್ಕರಿಸಿ ಅತ್ತೆಯಂತೆ. "ಹೆಂಗ ಹೋದ್ಲು, ಅಪ್ಪಗ ಬರಿಯಾಕ ಹೇಳು" ಅಂದೆಯಂತೆ. ಆವತ್ತಿನಿಂದ ಕಾಗದ ಮುಂದಿಟ್ಟುಕೊಂಡು ಕೂರುತ್ತೇನೆ, ಏಳುತ್ತೇನೆ. ನೀನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಸರಿ.

ಬಾವಿಗಳಿಗೆ ಹೊಸ ಕಾನೂನು ಬಂದಿದೆ, ಹೊಲದ ಒಡೆಯರೆಲ್ಲ ತಮ್ಮ ಬಾವಿ ತೋರಿಸಿ ಬರೆಸಬೇಕು, ಲಿಂಗಸುಗೂರಿನ ಸರ್ಕಾರಿ ಕಚೇರಿಯಿಂದ ಅಮೀನರು ಬರುತ್ತಾರೆ ಎಂದು ಚಾವಡಿಯ ಮುಂದೆ ಡಂಗುರ ಸಾರಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಡಂಗುರದವನಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಎಣಿಕೆ ಎಂದರೆ ಏನೆಂದು ನಿನಗೆ ತಿಳಿಯದ್ದಲ್ಲ. ಈಚಲು ಮರ ಎಣಿಸಿದರು, ಮರದ ಮೇಲೆ ಸುಂಕ ಬಂತು. ಕುರಿ ಎಣಿಸಿದರು, ಕುರಿಯ ಮೇಲೂ ಬಂತು. ಈಗ ಬಾವಿ ಎಣಿಸಿ, ಒಣ ಹೊಲವನ್ನು ನೀರಾವರಿ ಎಂದು ಬರೆದು, ಕಂದಾಯ ಏರಿಸುತ್ತಾರೆ ಎಂದು ಊರೆಲ್ಲ ಗುಸುಗುಸು. ಬಾವಿಯನ್ನೇ ಮರೆಮಾಡಿದರೆ ಹೇಗೆ ಎಂದು ನನಗೆ ಹೊಳೆಯಿತು. ಅದು ನನ್ನದೇ ಬುದ್ಧಿ ಮಗಾ. ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮ ಬಾವಿಯ ಬಾಯಿ ಕಿರಿದು, ನಿನಗೆ ಗೊತ್ತಲ್ಲ. ಅಮೀನರು ಬರುವ ಹಿಂದಿನ ದಿನ ಗ್ಯಾನಪ್ಪನೂ ನಾನೂ ಎತ್ತು ಹೂಡಿ ನೀರೆತ್ತುವ ಕಪಿಲೆಯ ಕಂಬ ಕಿತ್ತೆವು. ಕಟ್ಟೆಯ ಕಲ್ಲುಗಳನ್ನು ಬಿಚ್ಚಿ ಬಣವೆಯ ಹಿಂದೆ ಹಾಕಿದೆವು. ದನಗಳು ನೀರು ಕುಡಿಯುವ ಕಲ್ಲುದೋಣಿಯನ್ನೂ ಹೊರಳಿಸಿಕೊಂಡು ಹೋಗಿ ಅಲ್ಲೇ ಬಚ್ಚಿಟ್ಟೆವು. ಬಾಯಿಗೆ ಅಡ್ಡಡ್ಡ ಜಾಲಿ ಟೊಂಗೆ, ಅದರ ಮೇಲೆ ಹತ್ತಿಕಟ್ಟಿಗೆ, ಮೇಲೆ ಜೋಳದ ಕಣಿಕೆ, ಅದರ ಮೇಲೆ ಮಣ್ಣು. ಸಗಣಿ ಸಾರಿಸಿದ ಮೇಲೆ ಥೇಟ್ ಕಣದ ಹಾಗೆ ಕಂಡಿತು. ಗ್ಯಾನಪ್ಪ ನಕ್ಕ. ನಾನೂ ನಕ್ಕೆ.

ದಾದಿಗೆ ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಬಿಸಿಲಲ್ಲಿ ಬಂದ ಅಮೀನರನ್ನು ಅವಳೇ ಕರೆದು, "ಬಾ ಮಗಾ, ನಮ್ಮ ಬಾವಿ ನೀರು ಕುಡದು ನೋಡು, ಸಕ್ಕರಿ ಆಗೇತಿ" ಎಂದುಬಿಡುವಳು. ನಿನ್ನ ಅಮ್ಮ ಮಾತ್ರ ಹಿಂದೆ ಹಿಂದೆ ತಿರುಗಿ, "ಕಣ್ಣಿಲ್ಲದ ಜೀವ ರೀ, ಅತ್ತೆವ್ವಗ ಒಂದು ಮಾತು ಹೇಳಿಬಿಡ್ರಿ" ಎಂದು ಮತ್ತೆ ಮತ್ತೆ ಅಂದಳು. ಎರಡು ದಿನದ ಮಾತು, ಸುಮ್ಮನಿರು ಎಂದು ಗದರಿದೆ. ಮನೆಯ ಹಂಡೆ ಕೊಡಗಳನ್ನೆಲ್ಲ ತುಂಬಿಸಿಟ್ಟಿದ್ದೆ. ಅಮೀನರು ಬಂದ ದಿನ, ಪಕೀರಮ್ಮನ ಸೊಂಟ ಉಳುಕಿದೆ, ತಿಕ್ಕಿ ಬಾ ಎಂದು ದಾದಿಯನ್ನು ಅವರ ಮನೆಗೆ ಕಳಿಸಿದೆವು. ಇಲ್ಲದ ಉಳುಕನ್ನು ಪಾಪ ಅವಳು ಹೊತ್ತಿಳಿಯುವವರೆಗೆ ತಿಕ್ಕಿದಳಂತೆ. ಅಮೀನರು ಬಂದು ನೋಡಿ, ಇಲ್ಲಿ ಬಾವಿ ಇಲ್ಲ ಎಂದು ಬರೆದುಕೊಂಡು ಮುಂದಿನ ಊರಿಗೆ ಹೋದರು. ಅದೇ ದಾರಿಯಲ್ಲಿ ತಿರುಗಿ ಬರುವವರಿದ್ದರು, ಹಾಗಾಗಿ ಮುಚ್ಚಿದ್ದನ್ನು ನಾವು ತೆಗೆಯಲಿಲ್ಲ.

ಆ ಸಂಜೆ ದಾದಿ ಕೊಡದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಳು. "ನಿಂತ ನೀರಾಗ ವಜೂ ಮಾಡಾಕ ನನಗೇನು ಕಾಲು ಬಿದ್ದಾವೇನು?" ಎಂದು ಬೈದಳು. ಮರುದಿನ ಬೆಳಗಿನ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು ತಂಬಿಗೆ ಹಿಡಿದು ತಾನೇ ಬಾವಿಗೆ ಹೊರಟಿದ್ದಾಳೆ. ಅವಳು ಹೋಗುವ ರೀತಿ ನಿನಗೆ ಗೊತ್ತೇ ಇದೆ. ಬೇವಿನ ಬೇರು ದಾಟಬೇಕು, ಕಾಲಿಗೆ ಕಲ್ಲುದೋಣಿ ತಾಗಬೇಕು, ಆಮೇಲೆ ಬಗ್ಗಿ ಕಟ್ಟೆಗೆ ಕೈಯಿಡಬೇಕು. ಆವತ್ತು ಅವಳ ಕಾಲಿಗೆ ಏನೂ ತಾಗಲಿಲ್ಲ. ನಾನು ದನಕ್ಕೆ ಮೇವು ಹಾಕುತ್ತಿದ್ದೆ. "ದಾವಲ್, ದೋಣಿ ಎಲ್ಲಿ ಐತೋ?" ಎಂದು ಕೂಗಿದಳು. ಮೇವು ಬಿಸಾಕಿ, ಅಲ್ಲೇ ನಿಲ್ಲು ಎಂದು ಚೀರುತ್ತ ಓಡಿದೆ. ನನ್ನ ಧ್ವನಿ ಬಂದ ಕಡೆ ತಿರುಗಿ ಇನ್ನೊಂದು ಹೆಜ್ಜೆ ಇಟ್ಟಳು. ಕಟ್ಟಿಗೆ ಮುರಿದ ಸದ್ದು ಕೇಳಿತು.

ಗ್ಯಾನಪ್ಪ ಹಗ್ಗ ಕಟ್ಟಿಕೊಂಡು ಇಳಿದು ಮೇಲೆ ತಂದ. ಜೀವ ಇರಲಿಲ್ಲ. ಊರಿಗೆ ಊರೇ ಬಂತು. ಅವಳ ಕೈಯಲ್ಲಿ ಉಳುಕು ತೆಗೆಸಿಕೊಳ್ಳದ ಮನೆ ಯಾವುದಿದೆ ಹೇಳು? ಪಂಚನಾಮೆಗೆ ಪೊಲೀಸ್ ಪಾಟೀಲರ ಜೊತೆ ಅದೇ ಅಮೀನರು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಲೆಗೆ ಕೈಹೊತ್ತು ಬಾವಿಯ ಹತ್ತಿರ ಕೂತುಬಿಟ್ಟರು. "ಇದು ಕಂದಾಯದ ಎಣಿಕಿ ಅಲ್ಲೋ ದಾವಲ್‌ಸಾಬ್. ಹಳೇ ಬಾವಿ ಮಗ್ಗಲಾಗ ಮಂದಿ ಹೊಸಾ ಬಾವಿ ತೋಡಿ ನೀರು ಎಳಕೊಳ್ಳಾಕತ್ತಾರ. ಇನ್ನ ಮ್ಯಾಲ ಹಂಗ ತೋಡಬಾರದು ಅಂತ ಕಾನೂನು. ನಿನ್ನ ಬಾವಿ ಕಾಯಾಕ ಬಂದಿದ್ದೆನೋ" ಎಂದರು. ಈ ಬುದ್ಧಿ ಯಾರು ಕೊಟ್ಟರು ಎಂದು ಎಲ್ಲರ ಮುಂದೆ ಕೇಳಿದರು. ನನ್ನದೇ ಸಾಹೇಬರೇ ಎಂದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಅಮ್ಮ ಆಗ ನನ್ನ ಮುಖ ನೋಡಿದವಳು, ಆಮೇಲೆ ನೋಡಿಲ್ಲ. ಅಮೀನರು ಕನಿಕರಪಟ್ಟು ಬಾವಿಯನ್ನು ಅವತ್ತೇ ಬರೆದುಕೊಂಡು ಹೋದರು. ಈಗ ಅದರ ಹತ್ತಿರ ಯಾರೂ ಇನ್ನೊಂದು ಬಾವಿ ತೋಡುವಂತಿಲ್ಲ. ನಿನ್ನ ಅಮ್ಮ ಅದರ ಹನಿ ನೀರು ಮುಟ್ಟುವುದಿಲ್ಲ, ಗ್ಯಾನಪ್ಪನ ಬಾವಿಯಿಂದ ಹೊತ್ತು ತರುತ್ತಾಳೆ. ಮುದುಕಿಗೆ ವಯಸ್ಸಾಗಿತ್ತು ಎಂದು ಬಂದವರೆಲ್ಲ ಸಮಾಧಾನ ಹೇಳುತ್ತಾರೆ. ಅವಳು ವಯಸ್ಸಾಗಿ ಹೋಗಲಿಲ್ಲ.

ಅಲ್ಲಾ ನಿನ್ನನ್ನು ಗಟ್ಟಿಯಾಗಿ ಇಡಲಿ. ರಜೆ ಸಿಕ್ಕಾಗ ಬಾ, ದಾದಿಯ ಕಬರಿನ ಮೇಲೆ ಒಂದು ಹಿಡಿ ಹೂವು ಹಾಕುವೆಯಂತೆ. ಗ್ಯಾನಪ್ಪ, ಪಕೀರಮ್ಮ ನಿನ್ನನ್ನು ಕೇಳಿದರು. ನಿನ್ನ ಅಮ್ಮ ನನಗೇನೂ ಹೇಳಲಿಲ್ಲ, ಆದರೆ "ಹೊಟ್ಟಿತುಂಬ ಉಣ್ಣಾಕ ಬರೀರಿ ಅಂತ ಹೇಳವ್ವ" ಎಂದು ಪಕೀರಮ್ಮನ ಹತ್ತಿರ ಅಂದದ್ದು ಕೇಳಿಸಿತು. ಉಣ್ಣು.

ನಿನ್ನ ಅಪ್ಪ,
ದಾವಲ್‌ಸಾಬ್

ತಾ.ಕ. ಮೇಲಿನದನ್ನೆಲ್ಲ ನಿನ್ನ ಅಮ್ಮನಿಗೆ ಓದಿ ಹೇಳಿ ಬಂದಿದ್ದೇನೆ. ಇದನ್ನು ಮಸ್ಕಿಯಲ್ಲಿ, ಟಪಾಲು ಹಾಕುವ ಮುಂಚೆ ನಿಂತೇ ಬರೆಯುತ್ತಿದ್ದೇನೆ. ಅಲಾಯಿ ಹಬ್ಬಕ್ಕೆ ಬಂದಾಗ ಮೆಣಸಿನಕಾಯಿ ಮಡಿಯಲ್ಲಿ ನಿಂತು, ಎಣಿಕೆಯವರು ಬಂದರೆ ಬಾವಿ ಮುಚ್ಚಿ ಕಣ ಮಾಡಿಬಿಡು ಎಂದು ನೀನು ಹೇಳಿದ್ದು ನಮ್ಮಿಬ್ಬರಿಗೇ ಗೊತ್ತು. ಗ್ಯಾನಪ್ಪನಿಗೂ ನಾನು ಹೇಳಿಲ್ಲ. ನೀನು ನಮ್ಮ ಒಳ್ಳೆಯದಕ್ಕೇ ಹೇಳಿದೆ. ಕಟ್ಟೆ ಕಿತ್ತದ್ದು ನಾನು, ದಾದಿಗೆ ಹೇಳದೆ ಇದ್ದದ್ದು ನಾನು. ನೀನು ಬಂದು ನಿನ್ನ ಅಮ್ಮನ ಮುಂದೆ ಅತ್ತು ಒಪ್ಪಿಕೊಳ್ಳಲು ಹೋಗಬೇಡ. ಗಂಡನ ಮೇಲೆ ಸಿಟ್ಟು ಹೊತ್ತು ಅವಳು ಹೇಗೋ ಬದುಕುತ್ತಾಳೆ, ಮಗನ ಮೇಲೆ ಹೊತ್ತರೆ ಉಳಿಯುವುದಿಲ್ಲ. ಈ ಕೆಳಗಿನ ತುಂಡನ್ನು ಹರಿದು ಒಲೆಗೆ ಹಾಕು. ಮೇಲಿನ ಪತ್ರ ಇಟ್ಟುಕೋ. ಊರಿಗೆ ಬಂದಾಗ ಅವಳು ಕೇಳಿದರೆ ಅದನ್ನೇ ಓದಿ ಹೇಳು, ನನ್ನನ್ನು ಬೈದರೆ ನೀನೂ ಎರಡು ಮಾತು ಬೈ.